ನರ್ಸಿಂಗ್ ಕಾಲೇಜಿಗೆ ಸಾಫ್ಟ್‌ವೇರ್ ಮಾಡೋ ಮುಂಚೆ ಒಂದ್ ವಾರ ರೆಕಾರ್ಡ್ ಬುಕ್ ಹಿಂದೆ ಓಡಾಡಿ

ಮೊದಲು ನಾನ್ ಮಾಡಿದ್ ತಪ್ಪು ಹೇಳ್ಬಿಡ್ತೀನಿ. ನರ್ಸಿಂಗ್ ಸ್ಟೂಡೆಂಟ್ಸ್‌ಗೆ ಒಂದ್ ಆ್ಯಪ್ ಮಾಡೋಣ ಅಂತ ಒಂದ್ ಕಾಲೇಜಿಗೆ ಹೋದ್ವಿ, ಪ್ರಿನ್ಸಿಪಾಲ್ ಮೇಡಂ ಕಾಫಿ ಕೊಟ್ಟು ಚೆನ್ನಾಗ್ ಮಾತಾಡ್ಸಿ, ಇಸ್ತ್ರಿ ಮಾಡಿದ್ ಯೂನಿಫಾರ್ಮಲ್ಲಿ ಆರ್ ಜನ ಹುಡುಗೀರನ್ನ ತಮ್ಮ ಚೇಂಬರ್‌ಗೇ ಕರ್ಸಿ ಸಾಲಾಗಿ ನಿಲ್ಸಿದ್ರು, ನಾವು "ನಿಮ್ಗೆ ಆ್ಯಪಲ್ಲಿ ಏನೇನ್ ಬೇಕು?" ಅಂತ ಕೇಳಿದ್ವಿ. "ವಿಡಿಯೋ ಬೇಕು ಸರ್, ಕ್ವಿಜ್ ಬೇಕು ಸರ್" ಅಂದ್ರು. ಬರ್ಕೊಂಡ್ವಿ, ತಿಂಗಳುಗಟ್ಲೆ ಕೂತ್ಕೊಂಡ್ ಮಾಡಿದ್ವಿ, ಒಬ್ರೂ ಓಪನ್ ಮಾಡ್ಲಿಲ್ಲ. ಆಮೇಲೆ ಯಾವಾಗ್ಲೋ ಕ್ಯಾಂಟೀನಲ್ಲಿ ಸಿಕ್ಕಿದ ಅದೇ ಗುಂಪಿನ ಒಬ್ಳು ಎಗ್ ಪಫ್ ತಿಂತಾ ಹೇಳಿದ್ಳು, "ಮೇಡಂ ಎದುರಿಗೆ ಇನ್ನೇನ್ ಹೇಳೋಕಾಗತ್ತೆ ಸರ್, ನಮ್ ಪ್ರಾಬ್ಲಮ್ ರೆಕಾರ್ಡ್ ಸೈನ್ ಆಗೋದು." ರೆಕಾರ್ಡ್ ಅಂದ್ರೆ ವಾರ್ಡಲ್ಲಿ ನೋಡಿದ ಪೇಷಂಟು, ಮಾಡಿದ ಕೆಲ್ಸ ಎಲ್ಲ ಬರೆದು ಟೀಚರ್ ಹತ್ರ ಸೈನ್ ಹಾಕಿಸ್ಕೊಳ್ಳೋ ಪುಸ್ತಕ.

ಅವತ್ತಿಂದ ನಾನು "ಏನ್ ಬೇಕು" ಅಂತ ಕೇಳೋದೇ ಬಿಟ್ಟೆ. ಈಗ ಮಾಡೋದು ಒಂದೇ ಕೆಲ್ಸ, ಒಂದ್ ರೆಕಾರ್ಡ್ ಬುಕ್ ಹಿಡ್ಕೊಂಡು ಅದು ವಾರ್ಡಿಂದ ಹೊರಟು ಸೈನ್ ಬೀಳೋ ತನಕ ಎಲ್ಲೆಲ್ಲಿ ಹೋಗತ್ತೆ ಅಂತ ಹಿಂದೆ ಹಿಂದೆ ಓಡಾಡೋದು.

ಆದ್ರೆ ಹೋಗೋಕ್ ಮುಂಚೆ ಸಿಲಬಸ್ ಓದಿ, ದಯವಿಟ್ಟು. ಬಿಎಸ್ಸಿ ನರ್ಸಿಂಗ್ ನಾಲ್ಕ್ ವರ್ಷ, ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2021-22ರ ಬ್ಯಾಚಿಂದ ಅದನ್ನ 8 ಸೆಮಿಸ್ಟರ್ ಮಾಡಿದೆ, ನಮ್ ಕರ್ನಾಟಕದಲ್ಲಿ ಯೂನಿವರ್ಸಿಟಿ ಅಂದ್ರೆ ಹೆಚ್ಚಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಅದೇ ಆರ್‌ಜಿಯುಎಚ್‌ಎಸ್. ಜಿಎನ್‌ಎಂ, ಅಂದ್ರೆ ಜನರಲ್ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ, ಮೂರ್ ವರ್ಷದ ಡಿಪ್ಲೊಮಾ, ಅದರ ಪರೀಕ್ಷೆ ಮಾಡೋರೇ ಬೇರೆ. ಇಬ್ರೂ ಒಂದೇ ಬಿಲ್ಡಿಂಗಲ್ಲಿ ಓದ್ತಾರೆ ಅಂತ ಒಂದೇ ಗುಂಪು ಅನ್ಕೋಬೇಡಿ. ಥಿಯರಿಗೆ 80 ಪರ್ಸೆಂಟ್ ಅಟೆಂಡೆನ್ಸ್ ಸಾಕು, ಆದ್ರೆ ಡಿಗ್ರಿ ಕೈಗೆ ಬರೋ ಹೊತ್ತಿಗೆ ಕ್ಲಿನಿಕಲ್ (ಆಸ್ಪತ್ರೆ ವಾರ್ಡಲ್ಲಿ ಮಾಡೋ ಪೋಸ್ಟಿಂಗ್) ಪೂರ್ತಿ 100 ಆಗಿರ್ಬೇಕು, ಅಂದ್ರೆ ಜ್ವರ ಬಂದ್ ಮಲಗಿದ ಎರಡ್ ದಿನದ ಪೋಸ್ಟಿಂಗನ್ನೂ ಯಾವಾಗಾದ್ರೂ ಮಾಡಿ ತೀರಿಸ್ಲೇಬೇಕು, ಆ ಬಾಕಿ ಲೆಕ್ಕ ಯಾರ್ ಇಡ್ತಾರೆ, ಎಲ್ಲಿ ಇಡ್ತಾರೆ ಅನ್ನೋದೇ ನಿಮ್ಗೆ ಸಿಗೋ ಮೊದಲ ಒಳ್ಳೇ ಪ್ರಶ್ನೆ. ಮತ್ತೆ ಎರಡನೇ ಸೆಮ್‌ನಲ್ಲಿ ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಅಂತ ಒಂದ್ ಸಬ್ಜೆಕ್ಟೇ ಇದೆ, ಅದನ್ನ ಓದಿರೋ ಬ್ಯಾಚ್ ಸಿಕ್ರೆ ಮಾತು ಬೇಗ ಮುಂದೆ ಹೋಗತ್ತೆ.

ಪರ್ಮಿಷನ್ ಎರಡ್ ಕಡೆ ತಗೋಬೇಕು. ಕಾಲೇಜಿಗೆ ಪ್ರಿನ್ಸಿಪಾಲ್, ಆಸ್ಪತ್ರೆಗೆ ಬೇರೆ, ನರ್ಸಿಂಗ್ ಸೂಪರಿಂಟೆಂಡೆಂಟ್‌ಗೂ ಒಂದ್ ಲೆಟರ್. ಮುಂದೆ ಪೇಪರ್ ಪಬ್ಲಿಷ್ ಮಾಡೋ ಯೋಚನೆ ಇದ್ರೆ ಎಥಿಕ್ಸ್ ಕಮಿಟಿಗೂ ಈಗ್ಲೇ ಹೋಗಿ, ಆಮೇಲೆ ಹೋದ್ರೆ ಏನೂ ಪ್ರಯೋಜನ ಇಲ್ಲ. ಯೂನಿವರ್ಸಿಟಿ ಎಕ್ಸಾಮ್ ಟೈಮು, ಇನ್ಸ್‌ಪೆಕ್ಷನ್ ಟೈಮು ಎರಡೂ ಬೇಡ, ಇನ್ಸ್‌ಪೆಕ್ಷನ್ ವಾರ ಕಾಲೇಜಲ್ಲಿ ಯಾರೂ ಯಾರ್ ಜೊತೆನೂ ಮಾತಾಡಲ್ಲ, ಎಲ್ರ ಕೈಲೂ ಫೈಲೇ.

ಫೋಟೋ ವಿಷ್ಯದಲ್ಲಿ ನಾನು ಸ್ವಲ್ಪ ಜಾಸ್ತಿನೇ ಸ್ಟ್ರಿಕ್ಟು. ಸ್ಟೂಡೆಂಟ್ ರೆಕಾರ್ಡ್ ಅಂದ್ರೆ ಬರೀ ಹೋಂವರ್ಕ್ ಅಲ್ಲ, ಅದ್ರಲ್ಲಿ ಪೇಷಂಟ್ ಹೆಸ್ರು, ಐಪಿ (ಇನ್-ಪೇಷಂಟ್) ನಂಬರ್, ಡಯಾಗ್ನೋಸಿಸ್ ಎಲ್ಲ ಇರತ್ತೆ, ಅದು ನಿಮ್ ಫೋನಿಗೆ ಬಂದು ಅಲ್ಲಿಂದ ಆಫೀಸ್ ವಾಟ್ಸಾಪ್ ಗ್ರೂಪಿಗೆ ಹೋಗೋಕೆ ಒಂದ್ ನಿಮಿಷ ಸಾಕು. 2023ರಲ್ಲಿ ಡೇಟಾ ಪ್ರೊಟೆಕ್ಷನ್ ಕಾನೂನು ಬಂದಿದೆ, ಕಾನೂನು ಬಿಡಿ, ನಿಮ್ಮ ಅಮ್ಮ ಆ ಬೆಡ್ ಮೇಲಿದ್ರೆ ಏನ್ ಅನ್ನಿಸ್ತಿತ್ತು ಯೋಚ್ನೆ ಮಾಡಿ. ನಾನು ಸ್ಟಿಕಿ ನೋಟ್ ಇಟ್ಕೊಂಡಿರ್ತೀನಿ, ಸ್ಟೂಡೆಂಟೇ ಹೆಸ್ರಿನ ಮೇಲೆ ಅಂಟಿಸ್ತಾಳೆ, ಆಮೇಲೇ ಫೋಟೋ. ಖಾಲಿ ಫಾರ್ಮ್ಯಾಟ್ ಸಿಕ್ರೆ ಇನ್ನೂ ಒಳ್ಳೇದು, ಕಾಲೇಜ್ ಹತ್ರ ಇರೋ ಝೆರಾಕ್ಸ್ ಅಂಗಡೀಲಿ ಕೇಳಿ, ಎಲ್ಲಾ ಬ್ಯಾಚಿಂದೂ ಇಟ್ಕೊಂಡಿರ್ತಾರೆ.

ಈಗ ಓಡಾಟ. ಬೆಳಗ್ಗೆ ಡ್ಯೂಟಿ ಶುರುವಾಗೋ ಮುಂಚೆನೇ ವಾರ್ಡ್ ಹತ್ರ ಇರಿ, ಹ್ಯಾಂಡೋವರ್, ಅಂದ್ರೆ ಒಂದ್ ಶಿಫ್ಟಿನೋರು ಮುಂದಿನೋರಿಗೆ ಪೇಷಂಟ್ ವಿಷ್ಯ ಒಪ್ಸೋದು, ನಡೀವಾಗ ದೂರ ನಿಂತ್ಕೊಳ್ಳಿ, ಏನೂ ಕೇಳ್ಬೇಡಿ, ಸುಮ್ನೆ ನೋಡಿ. ನಾನ್ ನೋಡಿದ್ದು ಹೇಳ್ತೀನಿ. ಮೆಡಿಕಲ್ ವಾರ್ಡಲ್ಲಿ ಒಬ್ಳು ಹುಡುಗಿ ಅಜ್ಜಿಗೆ ಬಿಪಿ ನೋಡಿದ್ಳು, ಬರ್ಕೊಳ್ಳೋಕೆ ಹಾಳೆ ಇಲ್ಲ, ಅಂಗೈ ಮೇಲೆ ಪೆನ್ನಲ್ಲಿ 150/90 ಅಂತ ಬರ್ಕೊಂಡ್ಳು. ಪಲ್ಸ್, ಟೆಂಪರೇಚರ್ ಅದ್ರ ಕೆಳಗೆ. ಅಷ್ಟ್ರಲ್ಲಿ ಇನ್‌ಚಾರ್ಜ್ ಸಿಸ್ಟರ್ ಕರೆದ್ರು, ಪಕ್ಕದ ಬೆಡ್‌ಗೆ ಸ್ಪಾಂಜ್ ಬಾತ್, ಕೈ ತೊಳೆದ್ಳು. ಟೆಂಪರೇಚರ್ ಹೋಯ್ತು. ಬಿಪಿ ಅರ್ಧ ಉಳೀತು. ಮಧ್ಯಾಹ್ನ ಕಾಲೇಜ್ ಬಸ್ಸಲ್ಲಿ ಕೂತು ಫ್ರೆಂಡ್ ಹತ್ರ ಕೇಳಿ ಒಂದ್ ಚೀಟೀಲಿ ಬರ್ದಿಟ್ಳು, ರಾತ್ರಿ ಹಾಸ್ಟೆಲಲ್ಲಿ ಸ್ಕೇಲ್ ಇಟ್ಟು ಮಾರ್ಜಿನ್ ಎಳೆದು ಚೆಂದದ ಅಕ್ಷರದಲ್ಲಿ ಕೇರ್ ಪ್ಲ್ಯಾನ್ (ಪೇಷಂಟ್‌ಗೆ ಏನೇನ್ ಆರೈಕೆ ಅನ್ನೋ ಯೋಜನೆ) ಬರೆಯೋಕ್ ಕೂತ್ಳು. ಬೆಳಗ್ಗೆ ನೋಡಿದ ಅಜ್ಜಿಗೂ ರಾತ್ರಿ ಬರೆದ ಪೇಜಿಗೂ ಮಧ್ಯೆ ಎಷ್ಟೊಂದ್ ಸೋರಿ ಹೋಯ್ತು ನೋಡಿ, ಇದನ್ನ ಯಾವ ಸರ್ವೆನೂ ನಿಮ್ಗೆ ಹೇಳಲ್ಲ.

"ಹಾಗಾದ್ರೆ ಫೋನಲ್ಲೇ ಎಂಟ್ರಿ ಮಾಡ್ಲಿ" ಅಂತ ನಿಮ್ ಡೆವಲಪರ್ ತಕ್ಷಣ ಹೇಳ್ತಾನೆ. ಎಷ್ಟೋ ಕಡೆ ವಾರ್ಡಿಗೆ ಸ್ಟೂಡೆಂಟ್ಸ್ ಫೋನ್ ತಗೊಂಡ್ ಹೋಗೋ ಹಾಗೇ ಇಲ್ಲ ಸ್ವಾಮಿ, ಕೆಲವು ಹಾಸ್ಟೆಲಲ್ಲಿ ಓದೋ ಟೈಮಲ್ಲೂ ವಾರ್ಡನ್ ಇಸ್ಕೊಂಡಿಡ್ತಾರೆ. ಅದಕ್ಕೆ "ಯಾವ ಫೋನ್ ಇದೆ" ಅಂತ ಕೇಳೋದಲ್ಲ, "ನಿನ್ನೆ ಫೋನ್ ಕೈಗೆ ಸಿಕ್ಕಿದ್ದು ಎಷ್ಟೊತ್ತಿಂದ ಎಷ್ಟೊತ್ತಿಗೆ" ಅಂತ ಕೇಳಿ.

ಪ್ರಶ್ನೆ ಯಾವಾಗ್ಲೂ ನಡೆದಿರೋ ವಿಷ್ಯದ ಮೇಲೇ ಇರ್ಲಿ. ಕೊನೇ ಸಲ ರೆಕಾರ್ಡ್ ವಾಪಸ್ ಬಂದಾಗ ಮೇಡಂ ಕೆಂಪು ಪೆನ್ನಲ್ಲಿ ಏನ್ ಬರ್ದಿದ್ರು, ತೋರ್ಸಿ. ಸೈನಿಗೆ ಎಷ್ಟ್ ಸಲ ಸ್ಟಾಫ್ ರೂಮಿಗೆ ಹೋದ್ರಿ, ಹೋದಾಗೆಲ್ಲ ಅಲ್ಲಿ ಯಾರ್ ಇದ್ರು. ಹೋದ್ ಪೋಸ್ಟಿಂಗಲ್ಲಿ ಮಾಡ್ಬೇಕು ಅಂತಿದ್ದು ಮಾಡೋಕಾಗ್ದೇ ಇದ್ದ ಪ್ರೊಸೀಜರ್ ಯಾವ್ದು. ಕೊನೇದು ತುಂಬಾ ಮುಖ್ಯ, ಒಂದೇ ವಾರ್ಡಿಗೆ ಎರಡ್ ಮೂರ್ ಕಾಲೇಜಿನ ಮಕ್ಳು ಬಂದಿರ್ತಾರೆ, ಒಂದ್ ಕ್ಯಾಥೆಟರ್ ಹಾಕೋದಿದ್ರೆ ನೋಡೋಕೆ ಹತ್ ಜನ ನಿಂತಿರ್ತಾರೆ.

ಸೂಕ್ಷ್ಮದ್ದು ಒಂದಿದೆ. ಸೀನಿಯರ್ ಅಕ್ಕನ ರೆಕಾರ್ಡ್ ನೋಡಿ ಬರೆಯೋದು ಎಲ್ರಿಗೂ ಗೊತ್ತಿರೋ ಗುಟ್ಟು. "ನೀವು ಕಾಪಿ ಮಾಡ್ತೀರಾ" ಅಂತ ಕೇಳಿದ್ರೆ ಮಾತುಕತೆ ಅಲ್ಲಿಗೇ ಮುಗೀತು. "ನಿಮ್ ಬ್ಯಾಚಲ್ಲಿ ಟೈಮ್ ಇಲ್ದಾಗ ಜನ ಹೆಂಗ್ ಮುಗಿಸ್ತಾರೆ" ಅನ್ನಿ, ನಕ್ಕೊಂಡು ಎಲ್ಲಾ ಹೇಳ್ತಾರೆ. ನೋಟ್ಸಲ್ಲಿ ಹೆಸ್ರು ಬರೀಬೇಡಿ, ನಂಬರ್ ಕೊಡಿ, ಮತ್ತೆ ಆ ನೋಟ್ಸ್ ಪ್ರಿನ್ಸಿಪಾಲ್ ಕೇಳಿದ್ರೂ ಕೊಡಲ್ಲ ಅಂತ ಪರ್ಮಿಷನ್ ಲೆಟರಲ್ಲೇ ಹಾಕ್ಬಿಡಿ.

ಭಾಷೆ ಬಗ್ಗೆ ಯಾರೂ ತಾವಾಗೇ ಹೇಳಲ್ಲ. ಬೆಂಗಳೂರಿನ ಕಾಲೇಜುಗಳಲ್ಲಿ ಕೇರಳದೋರು, ಈಶಾನ್ಯದ ರಾಜ್ಯದೋರು, ಉತ್ತರ ಕರ್ನಾಟಕದ ಕನ್ನಡ ಮೀಡಿಯಂ ಮಕ್ಳು ಎಲ್ಲಾ ಒಂದೇ ಬೆಂಚಲ್ಲಿ. ರೆಕಾರ್ಡ್ ಇಂಗ್ಲಿಷು, ಪೇಷಂಟ್ ಕನ್ನಡ. ಆ ಅಜ್ಜಿ "ಯಾಕೋ ಸಂಕಟ ಆಗ್ತೈತೆ ಕಣವ್ವ" ಅಂದ್ರು. ಮಲಯಾಳಿ ಹುಡುಗಿಗೆ ಆ ಮಾತೇ ಗೊತ್ತಿಲ್ಲ, "ಊಟ ಆಯ್ತಾ, ನೋವು ಎಲ್ಲಿ" ಅಷ್ಟೇ ಕಲ್ತಿದಾಳೆ. ಹಾವೇರಿ ಕಡೆ ಹುಡುಗಿಗೆ ಅಜ್ಜಿ ಮಾತು ಅರ್ಥ ಆಯ್ತು, ಆದ್ರೆ ಅದು ವಾಕರಿಕೆನಾ, ನೋವಾ, ಭಯನಾ ಅಂತ ಇನ್ನೊಂದ್ ಮಾತು ಕೇಳಿ ತಿಳ್ಕೊಂಡು ಇಂಗ್ಲಿಷಲ್ಲಿ ನರ್ಸಿಂಗ್ ಡಯಾಗ್ನೋಸಿಸ್ (ಪೇಷಂಟ್ ತೊಂದ್ರೆ ಏನು ಅಂತ ನರ್ಸ್ ಮಾಡೋ ತೀರ್ಮಾನ) ಬರೆಯೋದ್ರಲ್ಲಿ ಸಿಕ್ಕಾಕ್ಕೊಂಡ್ಳು. ಇಬ್ರಿಗೂ ಬೇಕಿರೋ ಸಹಾಯ ಬೇರೆ ಬೇರೆ. ಮೆನು ಕನ್ನಡಕ್ಕೆ ತರ್ಜುಮೆ ಮಾಡಿ "ಲೋಕಲೈಸ್ ಆಯ್ತು" ಅಂದ್ರೆ ಇಬ್ರಿಗೂ ಉಪಯೋಗ ಇಲ್ಲ.

ಇನ್ನು ಮೇಡಮ್ಮಂದ್ರು, ಸರ್‌ಗಳು. ರೂಲ್ ಪ್ರಕಾರ ಹತ್ತು ಸ್ಟೂಡೆಂಟ್‌ಗೆ ಒಬ್ಬ ಟೀಚರ್, ಪೇಪರಲ್ಲಿ ಸರಿ, ಆದ್ರೆ ಆ ಹತ್ ಜನ ಮೂರ್ ಮಹಡೀಲಿ ನಾಲ್ಕ್ ವಾರ್ಡಲ್ಲಿ ಚದುರಿರ್ತಾರೆ. ಟೀಚರ್‌ಗಳನ್ನ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಎದುರಿಗೆ ಮಾತಾಡಿಸ್ಲೇಬೇಡಿ. ಟ್ಯೂಟರ್ ಬೇರೆ, ಪ್ರೊಫೆಸರ್ ಬೇರೆ ಕೂತ್ಕೊಂಡ್ ಮಾತಾಡ್ಲಿ. ನಾನ್ ಕೇಳೋ ಒಂದೇ ಪ್ರಶ್ನೆ, "ಮೇಡಂ, ಕಾಲೇಜ್ ರಿಜಿಸ್ಟರ್ ಅಲ್ಲ, ನಿಮ್ಮ ಸ್ವಂತ ಲೆಕ್ಕ ಎಲ್ಲಿಟ್ಟಿದೀರಾ?" ಬ್ಯಾಗಿಂದ ಒಂದ್ ಚಿಕ್ಕ ಡೈರಿ ಬರತ್ತೆ. ಯಾರ್ ಯಾವ ಪ್ರೊಸೀಜರ್ ಮಾಡಿದಾರೆ, ಯಾರ್‌ದು ಬಾಕಿ, ಯಾರ್ ಕೈ ನಡುಗತ್ತೆ, ಯಾರಿಗೆ ಮನೇಲಿ ಕಷ್ಟ, ಎಲ್ಲಾ ಅದ್ರಲ್ಲಿ. ನೀವು ಮಾಡ್ಬೇಕಾಗಿರೋ ಸಾಫ್ಟ್‌ವೇರ್‌ಗೆ ಪೈಪೋಟಿ ಬೇರೆ ಕಂಪ್ನಿ ಅಲ್ಲ, ಆ ಡೈರಿ.

ಅವ್ರು ಬಾಯ್ಬಿಟ್ಟು ಹೇಳ್ದೇ ಇರೋ ಭಯನೂ ಒಂದಿದೆ. ಆನ್‌ಲೈನ್ ಸೈನ್ ಅಂದ್ರೆ ತಾರೀಖು, ಟೈಮು ಎಲ್ಲಾ ಬೀಳತ್ತೆ, ತಿಂಗಳ ಕೊನೇಲಿ ಒಂದೇ ಸಂಜೆ ನಲವತ್ತು ರೆಕಾರ್ಡಿಗೆ ಸೈನ್ ಹಾಕಿದ್ದು ಮ್ಯಾನೇಜ್‌ಮೆಂಟಿಗೆ ಕಾಣತ್ತೆ. "ಸರ್ವರ್ ಸ್ಲೋ ಇರತ್ತೆ ಸರ್, ನಮ್ಗೆ ಪೇಪರೇ ಸರಿ" ಅಂತ ಯಾರಾದ್ರೂ ಪದೇ ಪದೇ ಅಂದ್ರೆ ಸರ್ವರ್ ಚೆಕ್ ಮಾಡೋಕ್ ಹೋಗ್ಬೇಡಿ, ಆ ಟೈಮ್ ಸ್ಟ್ಯಾಂಪ್ ಯಾರಿಗೆ ಕಾಣ್ಬೇಕು ಅನ್ನೋದನ್ನ ಅವ್ರ ಜೊತೆ ಕೂತು ತೀರ್ಮಾನ ಮಾಡಿ.

ವಾರ್ಡ್ ಇನ್‌ಚಾರ್ಜ್ ಸಿಸ್ಟರನ್ನ ಮರೀಬೇಡಿ, ಅವ್ರು ಕಾಲೇಜ್ ಸ್ಟಾಫ್ ಅಲ್ಲ ಆದ್ರೆ ಕಲಿಸೋದ್ರಲ್ಲಿ ಅರ್ಧ ಅವ್ರದ್ದೇ. ಐದ್ ನಿಮಿಷ ಸಿಕ್ರೆ ಸಾಕು, ನಿಂತ್ಕೊಂಡೇ ಮಾತಾಡಿ.

ಎಷ್ಟ್ ಜನ ಸಾಕು ಅಂತ ಕೇಳ್ತಾರೆ. ಐದ್ ಜನ ಸಾಕು ಅನ್ನೋ ಮಾತು ಯೂಸಬಿಲಿಟಿ ತಜ್ಞ ಜಾಕಬ್ ನೀಲ್ಸನ್ 2000ದಲ್ಲಿ ಬರೆದಿದ್ದು, ಅದು ಮಾಡಿರೋ ಸ್ಕ್ರೀನನ್ನ ಟೆಸ್ಟ್ ಮಾಡೋಕೆ, ಜನಕ್ಕೆ ಏನ್ ಬೇಕು ಅಂತ ಹುಡುಕೋಕಲ್ಲ. ನಾನು ಗುಂಪಿಗೆ ನಾಲ್ಕೈದು ಜನದಿಂದ ಶುರು ಮಾಡ್ತೀನಿ, ಫಸ್ಟ್ ಇಯರ್, ಫೈನಲ್ ಇಯರ್, ಜಿಎನ್‌ಎಂ, ಟ್ಯೂಟರ್ಸ್, ಹೇಳಿದ್ದೇ ಹೇಳೋಕ್ ಶುರುವಾದ್ಮೇಲೆ ನಿಲ್ಲಿಸ್ತೀನಿ. ಗೂಗಲ್ ಫಾರ್ಮ್ ಇದೆಲ್ಲ ಆದ್ಮೇಲೆ, ಸಿಕ್ಕಿರೋ ತೊಂದ್ರೆ ಎಷ್ಟ್ ಜನಕ್ಕಿದೆ ಅಂತ ಎಣಿಸೋಕೆ ಮಾತ್ರ. ಕ್ಲಾಸ್ ಗ್ರೂಪಿಗೆ ಮೊದ್ಲೇ ಹಾಕಿದ್ರೆ ರಾತ್ರಿ ಹನ್ನೊಂದಕ್ಕೆ ಎಲ್ರೂ ಎಲ್ಲದಕ್ಕೂ ಹೌದು ಅಂತ ಒತ್ತಿ ಮಲಗ್ತಾರೆ.

ಬಂದ್ಮೇಲೆ ಗೋಡೆಗೆ ಎರಡ್ ಸಾಲು ಅಂಟಿಸಿ, ಒಂದ್ರಲ್ಲಿ ಅವ್ರು ಹೇಳಿದ್ದು, ಇನ್ನೊಂದ್ರಲ್ಲಿ ನೀವ್ ನೋಡಿದ್ದು. ಎರಡೂ ತಾಳೆ ಆಗ್ದೇ ಇರೋ ಕಡೆನೇ ಕೆಲ್ಸ ಇರೋದು. ಸ್ಟೂಡೆಂಟ್‌ಗೆ ಸೈನ್ ಬೇಗ ಬೀಳ್ಬೇಕು, ಮೇಡಂಗೆ ಇವಳು ನಿಜವಾಗ್ಲೂ ಮಾಡಿದ್ಳಾ ಅಂತ ಖಾತ್ರಿ ಆಗ್ಬೇಕು, ಇವೆರಡೂ ಒಟ್ಟಿಗೆ ಸಿಗೋ ಜಾಗ ಬೆಡ್ ಪಕ್ಕ ಮಾತ್ರ, ರಾತ್ರಿ ಹಾಸ್ಟೆಲಲ್ಲಿ ಅಲ್ಲ.

ಕೋಡ್ ಬರೆಯೋಕ್ ಮುಂಚೆ ಆ ಬೆಡ್ ಪಕ್ಕದ ಸೈನಿಗೆ ಬೇಕಾದ ಸ್ಕ್ರೀನನ್ನ ಎ4 ಹಾಳೇಲಿ ಪೆನ್ಸಿಲಲ್ಲಿ ಬರೆದು ವಾಪಸ್ ತಗೊಂಡ್ ಹೋಗಿ. ಪ್ರಿಂಟ್ ಹಾಕಿ ಬಣ್ಣ ತುಂಬಿದ್ರೆ ಯಾರೂ ತಿದ್ದಲ್ಲ, "ಚೆನ್ನಾಗಿದೆ ಸರ್" ಅಂತಾರೆ. ನಮ್ ಹಾಳೇಲಿ ಕೆಳಗೆ ಒಂದು "ಸಬ್ಮಿಟ್" ಅಂತ ಚೌಕ ಇತ್ತು. ಒಬ್ರು ಟ್ಯೂಟರ್ ಮೇಡಂ ಜೇಬಿಂದ ಕೆಂಪು ಪೆನ್ ತೆಗ್ದು ಅದನ್ನ ಹೊಡೆದಾಕಿ, ಅಲ್ಲಿ "ನಾನ್ ನೋಡಿದೆ" ಅಂತ ಒಂದು, "ಇನ್ನೊಂದ್ ಸಲ ಮಾಡ್ಸಿ" ಅಂತ ಇನ್ನೊಂದು, ಎರಡ್ ಚೌಕ ಬರೆದು ಹಾಳೆ ನಮ್ ಕೈಗ್ ಕೊಟ್ಟು ವಾರ್ಡಿಗೆ ಹೊರಟ್ರು.