ಅಸ್ಸಟೀಗ್ ದ್ವೀಪದಲ್ಲಿ ಡೇರೆ: ಕುದುರೆಗಳು ಅಡ್ಡಾಡುವ ಕಡಲತೀರಕ್ಕೆ ಮಕ್ಕಳೊಂದಿಗೆ ಹೋಗುವವರಿಗೆ

ಅಮೆರಿಕದ ಪೂರ್ವ ಕರಾವಳಿಯ ಅಸ್ಸಟೀಗ್, ಉದ್ದಕ್ಕೆ ಚಾಚಿದ ಮರಳಿನ ದ್ವೀಪ. ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡದ ಮನೆಗಳಿಂದ ಕಾರಿನಲ್ಲಿ ಸುಮಾರು ಮೂರು ತಾಸಿನ ದಾರಿ. ದ್ವೀಪದ ಒಂದು ಪಾಲು ಮೇರಿಲ್ಯಾಂಡ್‌ಗೆ, ಇನ್ನೊಂದು ವರ್ಜೀನಿಯಾಕ್ಕೆ ಸೇರಿದೆ. ಗಡಿಗೆ ಬೇಲಿ ಇರುವುದರಿಂದ ಇಲ್ಲಿನ ಕಾಡು ಕುದುರೆಗಳೂ ಎರಡು ಹಿಂಡು. ಡೇರೆ ಹಾಕಲು ಬಿಡುವುದು ಮೇರಿಲ್ಯಾಂಡ್ ಕಡೆ ಮಾತ್ರ.

ಅಲ್ಲಿ ರಾಷ್ಟ್ರೀಯ ಕಡಲತೀರದ ಶಿಬಿರಗಳಿವೆ, ಪಕ್ಕದಲ್ಲೇ ರಾಜ್ಯದ ಉದ್ಯಾನವೂ ಇದೆ. ಮೊದಲನೆಯದರಲ್ಲಿ ತಣ್ಣೀರಿನ ಶವರ್ ಮತ್ತು ಸರಳ ಶೌಚಾಲಯ. ರಾಜ್ಯದ ಉದ್ಯಾನದಲ್ಲಿ ಬಿಸಿನೀರು ಸಿಗುತ್ತದೆ. ಪುಟ್ಟ ಮಕ್ಕಳಿದ್ದರೆ ಎರಡನೆಯದೇ ಮೇಲು. ರಾಷ್ಟ್ರೀಯ ಶಿಬಿರದ ಜಾಗವನ್ನು ಆರು ತಿಂಗಳ ಮೊದಲೇ ಕಾದಿರಿಸಬಹುದು. ಬೇಸಿಗೆಯ ವಾರಾಂತ್ಯ ಬೇಕಿದ್ದರೆ ತಡಮಾಡಬೇಡಿ. ಕಡಲ ಬದಿಯ ಜಾಗಕ್ಕೆ ಗಾಳಿ ಜೋರು, ಸೊಳ್ಳೆ ಕಡಿಮೆ. ಕೊಲ್ಲಿಯ ಬದಿಗೆ ಇದು ತಿರುಗುಮುರುಗು. ಗಾಳಿ ಪಶ್ಚಿಮದಿಂದ ಬೀಸಿದರೆ ಜವುಗಿನ ಕಚ್ಚುವ ನೊಣಗಳು ಕಡಲ ದಂಡೆಗೂ ಬರುತ್ತವೆ. ಜುಲೈ, ಆಗಸ್ಟ್ ಬಿಟ್ಟು ಸೆಪ್ಟೆಂಬರ್ ಕೊನೆಗೆ ಹೋದರೆ ಮಕ್ಕಳು ನೆಮ್ಮದಿಯಾಗಿ ಮಲಗುತ್ತಾರೆ.

ಡೇರೆಯೊಂದಿಗೆ ಬರುವ ಗೇಣುದ್ದದ ತೆಳು ಗೂಟಗಳನ್ನು ನಂಬಬೇಡಿ. ಒಣ ಮರಳಿಗೆ ಹಿಡಿತವಿಲ್ಲ. ಗಾಳಿ ಹಗ್ಗವನ್ನು ಜಗ್ಗಿದಷ್ಟೂ ಗೂಟ ಸಡಿಲವಾಗಿ ಮಧ್ಯರಾತ್ರಿ ಕಿತ್ತು ಬರುತ್ತದೆ. ಒಂದೂವರೆ ಅಡಿಯ ಅಗಲ ಗೂಟ ತನ್ನಿ. ಇಲ್ಲವೇ ಮನೆಯಲ್ಲಿರುವ ಖಾಲಿ ಸೋನಾ ಮಸೂರಿ ಚೀಲಗಳೇ ಸಾಕು. ಚೀಲಕ್ಕೆ ಅರ್ಧದಷ್ಟು ಮರಳು ತುಂಬಿ, ಬಾಯಿ ಬಿಗಿದು, ನಡುವಿಗೆ ಹಗ್ಗ ಸುತ್ತಿ. ಒಂದೂವರೆ ಅಡಿ ಆಳದ ಗುಂಡಿಯಲ್ಲಿ ಅಡ್ಡಡ್ಡ ಮಲಗಿಸಿ, ಮರಳು ಮುಚ್ಚಿ, ನೀರು ಚಿಮುಕಿಸಿ ತುಳಿಯಿರಿ. ನಾಲ್ಕು ಮೂಲೆಗೆ ನಾಲ್ಕು, ಗಾಳಿ ಬರುವ ಬದಿಗೆ ಇನ್ನೆರಡು. ಹಗ್ಗಕ್ಕೆ ಬಿಳಿ ಬಟ್ಟೆಯ ಚೂರು ಕಟ್ಟಿದರೆ ಕತ್ತಲಲ್ಲಿ ಮಕ್ಕಳು ಎಡವುವುದಿಲ್ಲ, ಕುದುರೆಯ ಕಾಲೂ ಸಿಕ್ಕಿಕೊಳ್ಳುವುದಿಲ್ಲ. ನೆರಳಿಗೆಂದು ಕಟ್ಟಿದ ಚಪ್ಪರವನ್ನು ರಾತ್ರಿ ಬಿಚ್ಚಿಡಿ.

ಇನ್ನು ಊಟದ ವಿಷಯ. ಇಲ್ಲಿ ತಪ್ಪಿದರೆ ಉಳಿದ ಸಿದ್ಧತೆಯೆಲ್ಲ ವ್ಯರ್ಥ. ಈ ಕುದುರೆಗಳ ಆಹಾರ ಜವುಗಿನ ಉಪ್ಪು ಹುಲ್ಲು. ಅದಕ್ಕೇ ತುಂಬಾ ನೀರು ಕುಡಿದು ಹೊಟ್ಟೆ ಉಬ್ಬಿರುತ್ತದೆ. ದಪ್ಪಗಿವೆ, ಸಾಧು ಎಂದುಕೊಳ್ಳಬೇಡಿ. ಮನುಷ್ಯರ ತಿಂಡಿಯ ರುಚಿ ಹತ್ತಿದ ಕುದುರೆ ಡೇರೆ ಹರಿಯುತ್ತದೆ, ಕೂಲರ್ ಮುಚ್ಚಳ ತೆರೆಯುತ್ತದೆ, ರಸ್ತೆಯಲ್ಲಿ ಕಾರುಗಳಿಗೆ ಕಾದು ನಿಂತು ಗುದ್ದಿಸಿಕೊಂಡು ಸಾಯುತ್ತದೆ. ಮಗು ಅಕ್ಕರೆಯಿಂದ ಕೊಟ್ಟ ಒಂದು ಬಾಳೆಹಣ್ಣಿನಿಂದಲೇ ಇದು ಶುರುವಾಗಬಹುದು.

ಆದ್ದರಿಂದ ತಿನ್ನುವ ಪದಾರ್ಥ ಯಾವುದೂ ಡೇರೆಯೊಳಗೆ ಬೇಡ. ಮಕ್ಕಳ ಚೀಲದ ಬಿಸ್ಕತ್ತು, ಹಲ್ಲಿನ ಪೇಸ್ಟ್ ಕೂಡ ಕಾರಿನಲ್ಲಿರಲಿ, ಗಾಜು ಏರಿಸಿ ಬೀಗ ಹಾಕಿ. ಕೂಲರನ್ನು ಪಟ್ಟಿಯಿಂದ ಬಿಗಿದು ಅಲ್ಲೇ ಇಡಿ. ಕಲ್ಲಂಗಡಿ ಸಿಪ್ಪೆ, ಮುಸುರೆ ನೀರು ಮೇಜಿನ ಬಳಿ ಉಳಿಯಬಾರದು. ಊಟ ಹೊರಗೆ ಹರಡಿರುವ ಹೊತ್ತು ಕಡಿಮೆಯಾದಷ್ಟೂ ಒಳ್ಳೆಯದು: ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಚಪಾತಿ ಮನೆಯಿಂದಲೇ ತಂದರೆ ಅಲ್ಲಿ ಅನ್ನವೊಂದು ಮಾಡಿದರಾಯಿತು. ಗಾಳಿಗೆ ಸ್ಟವ್ ಆರುತ್ತದೆ, ಮೂರು ಬದಿಗೆ ತಗಡಿನ ಮರೆ ಬೇಕು. ಸ್ಟವ್ ಯಾವತ್ತೂ ಡೇರೆಯ ಹೊರಗೇ ಇರಲಿ.

ಉಣ್ಣುವಾಗಲೇ ಕುದುರೆ ಬಂದರೆ ತಟ್ಟೆ, ಪಾತ್ರೆ ಕಾರಿಗೆ ಸೇರಿಸಿ, ಮಕ್ಕಳ ಕೈ ಹಿಡಿದು ದೂರ ಸರಿಯಿರಿ. ಕನಿಷ್ಠ 40 ಅಡಿ, ಅಂದರೆ ಒಂದು ಬಸ್ಸಿನಷ್ಟು ಅಂತರ ಇರಬೇಕು. ನಿಮ್ಮ ಕಡೆ ಅದೇ ನಡೆದು ಬಂದರೂ ಹಿಂದೆ ಸರಿಯಬೇಕಾದವರು ನೀವೇ. ಮುಟ್ಟಬೇಡಿ, ಫೋಟೋಕ್ಕೆಂದು ಸುತ್ತುವರಿಯಬೇಡಿ, ತಾಯಿ ಮತ್ತು ಮರಿಯ ನಡುವೆ ಹೋಗಬೇಡಿ. ಅವು ಒದೆಯುತ್ತವೆ, ಕಚ್ಚುತ್ತವೆ. ಬಕೆಟ್‌ನಲ್ಲಿ ನೀರಿಡುವ ಕರುಣೆಯೂ ಬೇಡ, ಅವಕ್ಕೆ ಕೊಳಗಳಿವೆ.

ನೆರಳಿನ ಮರಗಳಿಲ್ಲದ ಕಾರಣ ಮಧ್ಯಾಹ್ನ ಮರಳು ಅಂಗಾಲು ಸುಡುತ್ತದೆ, ಮಕ್ಕಳಿಗೆ ಚಪ್ಪಲಿ ಇರಲಿ. ಹುಲ್ಲುಗಾವಲು, ಪೊದೆಗಳಲ್ಲಿ ಓಡಾಡಿ ಬಂದ ಮೇಲೆ ಮೊಣಕಾಲ ಹಿಂಬದಿ, ಕಂಕುಳು, ಕೂದಲ ಬುಡದಲ್ಲಿ ಉಣ್ಣೆ ಕಚ್ಚಿದೆಯೇ ನೋಡಿ. ಕಂಡರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಕಾವಲುಗಾರರಿರುವ ಕಡೆಯಷ್ಟೇ ಕಡಲಿಗಿಳಿಯಿರಿ. ನೀರು ಒಳಕ್ಕೆ ಸೆಳೆದರೆ ಎದುರು ಈಜದೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡದತ್ತ ತಿರುಗಬೇಕು.

ಸೌದೆಯನ್ನು ದೂರದಿಂದ ಹೊತ್ತು ತರಬೇಡಿ, ಮರ ಕೊರೆಯುವ ಹುಳು ಅದರೊಂದಿಗೆ ಬರುತ್ತದೆ; ಹತ್ತಿರದಲ್ಲೇ ಕೊಳ್ಳಿ. ಹೊರಡುವ ದಿನ ಹೂತ ಚೀಲಗಳನ್ನು ಎಣಿಸಿ ತೆಗೆಯಿರಿ, ಮರಳು ಅಲ್ಲೇ ಸುರಿದು ಗುಂಡಿ ಮುಚ್ಚಿ. ದಾರಿಯಲ್ಲಿ ಕುದುರೆ ನಿಂತಿದ್ದರೆ ಕಾರಿನ ಗಾಜು ಇಳಿಸದೆ ನಿಧಾನವಾಗಿ ಮುಂದೆ ಸಾಗಿ.