ನಿಂತ ಟ್ರ್ಯಾಕ್ಟರಿನ ಬ್ಯಾಟರಿಗೆ 20 ವ್ಯಾಟ್ ಸೋಲಾರ್

ರಾಗಿ ಒಕ್ಕಣೆ ಮುಗಿದರೆ ಮಧುಗಿರಿ, ಶಿರಾ ಕಡೆ ಎಷ್ಟೋ ಟ್ರ್ಯಾಕ್ಟರುಗಳು ಬೇಸಿಗೆ ಮಳೆ ಬೀಳುವ ತನಕ ಶೆಡ್ ಬಿಟ್ಟು ಕದಲುವುದಿಲ್ಲ. ಉಳುಮೆಗೆ ತೆಗೆಯೋಣ ಅಂತ ಸೆಲ್ಫ್ ಹೊಡೆದರೆ ಬರೀ ‘ಟಕ್’ ಅನ್ನುತ್ತದೆ. ಲೆಡ್ ಆಸಿಡ್ ಬ್ಯಾಟರಿ ಸುಮ್ಮನೆ ಇಟ್ಟರೂ ತಿಂಗಳಿಗೆ ಶೇ. 3ರಿಂದ 5ರಷ್ಟು ಇಳಿಯುತ್ತದೆ. ತಾಪ 10 ಡಿಗ್ರಿ ಏರಿದರೆ ಇಳಿಯುವ ವೇಗ ಹೆಚ್ಚುಕಡಿಮೆ ದುಪ್ಪಟ್ಟು. ಏಪ್ರಿಲ್ ತಿಂಗಳಲ್ಲಿ ತಗಡಿನ ಶೀಟಿನ ಕೆಳಗೆ ಎಷ್ಟು ಕಾವು ಇರುತ್ತದೆ ಅಂತ ಹೇಳಬೇಕಿಲ್ಲ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೇ ಶಕ್ತಿ ಬರುವುದಿಲ್ಲ.

ಇದಕ್ಕೆ ನಾನು ಹಾಕಿರುವುದು 20 ವ್ಯಾಟಿನ 36 ಸೆಲ್ಲಿನ ಪ್ಯಾನೆಲ್, 10 ಆಂಪಿಯರಿನ ಪಿಡಬ್ಲ್ಯುಎಂ (ಅಗ್ಗದ ಬಗೆಯ) ಚಾರ್ಜ್ ಕಂಟ್ರೋಲರ್, ಅಂದರೆ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಡಬ್ಬಿ, 5 ಆಂಪಿಯರ್ ಫ್ಯೂಸು ಅದರ ಹೋಲ್ಡರ್ ಸಮೇತ, 1.5 ಚದರ ಮಿ.ಮೀ. ವೈರು. ಪಾವಗಡದ ತಿರುಮಣಿಯಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇರಬಹುದು, ನಮ್ಮ ಶೆಡ್ಡಿಗೆ ಇಷ್ಟು ಧಾರಾಳ ಸಾಕು. ಲೆಕ್ಕ ನೋಡಿ: ಬ್ಯಾಟರಿ 88 ಆಂಪಿಯರ್-ಅವರ್. ಬೇಸಿಗೆಯಲ್ಲಿ ತಿಂಗಳಿಗೆ ಶೇ. 10 ಇಳಿಯುತ್ತದೆ ಅಂದುಕೊಂಡರೂ ದಿನಕ್ಕೆ 0.3 ಆಂಪಿಯರ್-ಅವರ್. ಕಂಟ್ರೋಲರ್ ತಾನೇ 10 ಮಿಲಿಆಂಪಿಯರ್ ತಿಂದರೆ ದಿನಕ್ಕೆ ಇನ್ನೊಂದು 0.24. ಪ್ಯಾನೆಲ್ ಒಳ್ಳೇ ಬಿಸಿಲಿನಲ್ಲಿ 1 ಆಂಪಿಯರಿನಂತೆ ನಾಲ್ಕು ಗಂಟೆ ಕೊಟ್ಟರೂ 4 ಬಂತು. 10 ವ್ಯಾಟ್ ಇದ್ದರೂ ನಡೆಯುತ್ತದೆ, ಆದರೆ ನಮ್ಮ ಕಡೆ ಧೂಳು ಜಾಸ್ತಿ.

ಜನ ದುಡ್ಡು ಉಳಿಸಲು ಹೋಗುವುದು ಕಂಟ್ರೋಲರಿನಲ್ಲಿ. ‘12 ವೋಲ್ಟ್’ ಅಂತ ಬರೆದಿರುವ ಪ್ಯಾನೆಲ್ ಬಿಸಿಲಿನಲ್ಲಿ ಯಾವುದಕ್ಕೂ ಕಟ್ಟದೆ ಇದ್ದಾಗ 21 ವೋಲ್ಟ್ ತೋರಿಸುತ್ತದೆ. ನೇರ ಕೊಟ್ಟರೆ ತುಂಬಿದ ಬ್ಯಾಟರಿಗೆ ದಿನಾ ಕರೆಂಟ್ ನುಗ್ಗಿ, ವೋಲ್ಟೇಜ್ 15 ದಾಟಿ, ನೀರು ಗ್ಯಾಸಾಗಿ ಹೋಗಿ ಪ್ಲೇಟು ಒಣಗುತ್ತದೆ. ಕಂಟ್ರೋಲರ್ 14.4ರವರೆಗೆ ಏರಿಸಿ, ಆಮೇಲೆ 13.6ರ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಮನೆ ಮೇಲಿನ ದೊಡ್ಡ ಪ್ಯಾನೆಲ್ ಒಂದು ಮಿಕ್ಕಿದೆ ಅಂತ ಇದಕ್ಕೆ ಕಟ್ಟಬೇಡಿ. ಅದರ ವೋಲ್ಟೇಜ್ 40ರ ಮೇಲಿರುತ್ತದೆ, ಈ ಅಗ್ಗದ ಕಂಟ್ರೋಲರ್ ಸುಟ್ಟು ಹೋಗಬಹುದು.

ಸೋಲಾರ್ ಕಟ್ಟುವ ಮುಂಚೆ ಬ್ಯಾಟರಿ ತುಂಬಿರಬೇಕು. ಮಲ್ಟಿಮೀಟರ್ 12.2 ವೋಲ್ಟ್ ತೋರಿಸಿದರೆ ಅರ್ಧ ಖಾಲಿ ಅಂತಲೇ ಲೆಕ್ಕ, ಅಂಗಡಿಯಲ್ಲಿ ಚಾರ್ಜ್ ಮಾಡಿಸಿ ತನ್ನಿ. ಪೂರ್ತಿ ಸತ್ತ ಬ್ಯಾಟರಿಗೆ ಕಟ್ಟಿದರೆ ಕಂಟ್ರೋಲರ್ ಆನ್ ಆಗುವುದೇ ಇಲ್ಲ. ಡಿಸ್ಟಿಲ್ಡ್ ವಾಟರ್ ಪ್ಲೇಟಿಗಿಂತ 10 ಮಿ.ಮೀ. ಮೇಲಿರಲಿ. ಟರ್ಮಿನಲ್ಲಿನ ಬಿಳಿ-ಹಸಿರು ಪುಡಿಯನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ಉಜ್ಜಿ ಒರೆಸಿ ವ್ಯಾಸಲೀನ್ ಸವರಿ. ಆ ಸೋಡಾ ನೀರು ಮಾತ್ರ ಸೆಲ್ಲಿನೊಳಕ್ಕೆ ಒಂದು ಹನಿಯೂ ಬೀಳಬಾರದು. ಟ್ರ್ಯಾಕ್ಟರಿನ ನೆಗೆಟಿವ್ ಕೇಬಲ್ ಬಿಚ್ಚಿಡಿ. ಟೇಪ್ ರೆಕಾರ್ಡರ್, ಜಿಪಿಎಸ್ ಎಲ್ಲಾ ಸುಮ್ಮನೆ ಕೂತೇ ಬ್ಯಾಟರಿ ಕುಡಿಯುತ್ತವೆ.

ಮೊದಲು ಬ್ಯಾಟರಿಯನ್ನು ಕಂಟ್ರೋಲರಿಗೆ ಕಟ್ಟಿ, ಪ್ಯಾನೆಲ್ ಆಮೇಲೆ. ಕಂಟ್ರೋಲರ್ 12 ವೋಲ್ಟೋ 24 ವೋಲ್ಟೋ ಅಂತ ತಿಳಿದುಕೊಳ್ಳುವುದು ಬ್ಯಾಟರಿ ನೋಡಿ. ಪ್ಯಾನೆಲ್ ಮೊದಲು ಕೊಟ್ಟರೆ ತಪ್ಪು ಹಿಡಿಯುತ್ತದೆ. ಬಿಚ್ಚುವಾಗ ತಿರುವುಮುರುವು. ಫ್ಯೂಸು ಪಾಸಿಟಿವ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಇರಬೇಕು, ಕಂಟ್ರೋಲರ್ ಹತ್ತಿರ ಅಲ್ಲ. ಶೆಡ್ಡಿನಲ್ಲಿ ರಾಗಿ ಹುಲ್ಲು ಇದ್ದರೆ ಇಲಿ ಇದ್ದೇ ಇರುತ್ತದೆ. ಅದು ಕಡಿದ ಎರಡೂ ವೈರು ಒಂದಕ್ಕೊಂದು ತಗುಲಿದರೆ ಉರಿಯುವುದು ಹುಲ್ಲು. ವೈರನ್ನು ಪೂರ್ತಿ ಪಿವಿಸಿ ಪೈಪಿನೊಳಗೆ ಎಳೆದುಬಿಡಿ. ಕಂಟ್ರೋಲರಿನಲ್ಲಿ ಬ್ಯಾಟರಿ ಬಗೆ ಆರಿಸುವ ಬಟನ್ ಇದ್ದರೆ ನೀರು ಹಾಕುವ ಬ್ಯಾಟರಿಗೆ ಫ್ಲಡೆಡ್, ಮುಚ್ಚಿದ್ದಕ್ಕೆ ಸೀಲ್ಡ್.

ಪ್ಯಾನೆಲ್ ದಕ್ಷಿಣಕ್ಕೆ, 15 ಡಿಗ್ರಿ ವಾರೆ. ತೀರಾ ಮಲಗಿಸಿದರೆ ಧೂಳು ಕೆಳ ಅಂಚಿಗೆ ಬಂದು ಗಟ್ಟಿಯಾಗಿ ಮೆತ್ತಿಕೊಳ್ಳುತ್ತದೆ. 36 ಸೆಲ್ಲೂ ಒಂದೇ ಸರಪಳಿ, ಹಾಗಾಗಿ ತೆಂಗಿನ ಗರಿಯ ನೆರಳು ಒಂದೆರಡು ಸೆಲ್ಲಿನ ಮೇಲೆ ಬಿದ್ದರೂ ಇಡೀ ಪ್ಯಾನೆಲ್ ಕುಸಿಯುತ್ತದೆ. ಬೆಳಿಗ್ಗೆ ಹತ್ತರಿಂದ ಮೂರರ ತನಕ ನೆರಳು ಎಲ್ಲೆಲ್ಲಿ ಹೋಗುತ್ತದೆ ನೋಡಿಕೊಂಡೇ ಬೋಲ್ಟ್ ಬಿಗಿಯಿರಿ.

ತಿಂಗಳಿಗೊಮ್ಮೆ ನೀರು ನೋಡಿ, ಪ್ಯಾನೆಲ್ ಒರೆಸಿ, ಬಿಸಿಲು ಹುಟ್ಟುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. ಹಗಲಿನ 13.6 ನಂಬಬೇಡಿ, ಅದು ಕಂಟ್ರೋಲರಿನ ವೋಲ್ಟೇಜ್. ಮುಂಜಾನೆ 12.6ರ ಮೇಲಿದ್ದರೆ ಬ್ಯಾಟರಿ ಸರಿಯಿದೆ. ಹಿಂದಿನ ದಿನ ತುಂಬಿದೆ ಅಂತ ತೋರಿಸಿಯೂ ಮುಂಜಾನೆ 12.3 ಬಂದರೆ ಹೈಡ್ರೋಮೀಟರಿನಲ್ಲಿ (ಆಸಿಡ್ಡಿನ ಸಾಂದ್ರತೆ ಅಳೆಯುವ ಸಾಧನ) ಆರೂ ಸೆಲ್ಲು ನೋಡಿ. ಒಂದು ಸೆಲ್ಲು ಮಿಕ್ಕವಕ್ಕಿಂತ 0.050ರಷ್ಟು ಕೆಳಗಿದ್ದರೆ ಅದು ಹೋದ ಹಾಗೇ, ಬ್ಯಾಟರಿಯನ್ನು ಎಕ್ಸ್‌ಚೇಂಜಿಗೆ ಹಾಕುವುದು ವಾಸಿ.