ಅಗ್ಗದ ದೆವ್ವ, ಅಬ್ಬರದ ಕುಂಗ್‌ಫೂ: ನೋಡಿ ಸವಿಯುವ ಕ್ರಮ

ಕಡಿಮೆ ಬಂಡವಾಳದ ದೆವ್ವದ ಚಿತ್ರಗಳನ್ನೂ ಹಾಂಗ್‌ಕಾಂಗ್‌ನ ಹೊಡೆದಾಟದ ಚಿತ್ರಗಳನ್ನೂ ಆಸೆಯಿಂದ ನೋಡುವವರು ಮೈಸೂರಿನಲ್ಲಿ ಬೇಕಾದಷ್ಟಿದ್ದಾರೆ, ಒಪ್ಪಿಕೊಳ್ಳುವವರು ಮಾತ್ರ ಕಡಿಮೆ. ರಂಗಾಯಣದಲ್ಲಿ ನಾಟಕ ನೋಡಿ ಬಂದದ್ದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವವರು, ಅದೇ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹಿಂದಿಯಲ್ಲಿ ಅಗ್ಗದ ದೆವ್ವದ ಚಿತ್ರಗಳಿಗೆ ಹೆಸರಾದ ರಾಮ್ಸೆ ಸಹೋದರರ ಚಿತ್ರವೊಂದನ್ನು ಮುಗಿಸಿದ್ದನ್ನು ಯಾರಿಗೂ ಹೇಳುವುದಿಲ್ಲ. ಈ ಸಂಕೋಚಕ್ಕೆ ಕಾರಣವಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಇಂಥ ಚಿತ್ರಗಳನ್ನು ನೋಡುವುದಕ್ಕೆ ಒಂದು ಕ್ರಮವಿದೆ. ಕೈಯಲ್ಲಿ ದುಡ್ಡಿಲ್ಲದಾಗ ಚಿತ್ರ ಮಾಡಿದವರು ಏನು ಉಪಾಯ ಹೂಡಿದರು ಎಂಬುದರ ಮೇಲೆ ಕಣ್ಣಿಟ್ಟು ಕುಳಿತರೆ ಪ್ರತಿ ರೀಲಿನಲ್ಲೂ ಏನಾದರೊಂದು ಸಿಗುತ್ತದೆ, ಕೇವಲ ಗೇಲಿ ಮಾಡಲು ಕುಳಿತರೆ ಅರ್ಧ ಗಂಟೆಯಲ್ಲಿ ಆಕಳಿಕೆ ಬರುತ್ತದೆ.

ಮಂಡ್ಯ ಸೀಮೆಯಲ್ಲಿ ಪೌರಾಣಿಕ ನಾಟಕ ನೋಡಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಾಡಿಗೆಗೆ ತಂದ ಸೀನರಿ, ಬಣ್ಣದ ಬಲ್ಬು, ತಗಡಿನ ಗದೆ ಎಲ್ಲವೂ ಕಣ್ಣೆದುರಿಗೇ ಇರುತ್ತವೆ, ದುರ್ಯೋಧನನ ವೇಷದಲ್ಲಿರುವವನು ಪಕ್ಕದ ಬೀದಿಯವನೆಂಬುದೂ ಗೊತ್ತಿರುತ್ತದೆ. ಆದರೂ ಅವನು ಕಂದಪದ್ಯ ಎತ್ತಿದಾಗ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ಅದೇ ಉದಾರತೆಯನ್ನು ಪರದೆಯ ಮುಂದೆಯೂ ತೋರಿಸಿದರೆ ಸಾಕು.

ನೋಡುವುದು ಎಲ್ಲಿ ಎಂಬ ಪ್ರಶ್ನೆಗೆ ಈಗ ಹೆಚ್ಚು ಆಯ್ಕೆಗಳಿಲ್ಲ. ಮೈಸೂರಿನ ಒಂಟಿ ಪರದೆಯ ಟಾಕೀಸುಗಳು ಒಂದೊಂದಾಗಿ ಕಣ್ಮುಚ್ಚುತ್ತಿವೆ, 2020ರಲ್ಲಿ ಶಾಂತಲಾ ಕೂಡ ಮುಚ್ಚಿತು. ಮಾಲ್‌ಗಳ ಪರದೆಗಳಿಗೆ ಇಂಥ ಚಿತ್ರಗಳು ಬರುವುದಿಲ್ಲ. ಆದ್ದರಿಂದ ಮನೆಯೇ ಗತಿ. ಒಬ್ಬರೇ ನೋಡುವುದಕ್ಕಿಂತ ನಾಲ್ಕೈದು ಜನ ಸೇರುವುದು ಒಳ್ಳೆಯದು, ಏಕೆಂದರೆ ಗಾಂಧಿ ಕ್ಲಾಸಿನ ಸಿಳ್ಳೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ತಯಾರಾದ ಚಿತ್ರಗಳಿವು. ಶನಿವಾರ ರಾತ್ರಿ, ಊಟವಾದ ಮೇಲೆ, ನಡುವೆ ಕೈಯಾಡಿಸಲು ಒಂದು ದೊಡ್ಡ ಬೋಗುಣಿ ಚುರುಮುರಿ ಇದ್ದರೆ ಬೇರೆ ಸಿದ್ಧತೆ ಬೇಡ.

ಹೊಸಬರು ಸಾಮಾನ್ಯವಾಗಿ ಅತಿ ಕೆಟ್ಟದ್ದೆಂದು ಹೆಸರಾದ ಚಿತ್ರದಿಂದ ಶುರುಮಾಡುತ್ತಾರೆ, ಅದು ಸರಿಯಲ್ಲ. ಮೊದಲು ಆ ಜಾತಿಯ ಒಳ್ಳೆಯ ಚಿತ್ರವೊಂದನ್ನು ನೋಡಿದರೆ ಮಾತ್ರ ಅಗ್ಗದ್ದು ಎಲ್ಲಿ ಅಡ್ಡದಾರಿ ಹಿಡಿದಿದೆ ಎಂದು ತಿಳಿಯುತ್ತದೆ. ಕುಂಗ್‌ಫೂಗೆ ನಾನು ಸೂಚಿಸುವುದು ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ ಚಿತ್ರಸಂಸ್ಥೆಯ, 1978ರ ‘ದಿ 36ತ್ ಚೇಂಬರ್ ಆಫ್ ಶಾವೊಲಿನ್’. ನಿರ್ದೇಶಕ ಲಾವ್ ಕಾರ್‌ಲ್ಯುಂಗ್ ಸ್ವತಃ ಹುಂಗ್ ಗಾರ್ ಎಂಬ ದಕ್ಷಿಣ ಚೀನಾದ ವಿದ್ಯೆಯ ಪರಂಪರೆಯಿಂದ ಬಂದವರು, ಹೊಡೆದಾಟಗಳನ್ನು ಸಂಯೋಜಿಸುತ್ತಲೇ ನಿರ್ದೇಶಕರಾದವರು. ಇದರಲ್ಲಿ ನಾಯಕ ಗಾರ್ಡನ್ ಲಿಯು ಎರಡೂ ಕೈಗಳನ್ನು ಅಡ್ಡಕ್ಕೆ ಚಾಚಿ ನೀರಿನ ಬಕೆಟ್ ಹೊತ್ತು ಮೇಲೇರಬೇಕು. ತೋಳುಗಳಿಗೆ ಚೂರಿ ಕಟ್ಟಿರುವುದರಿಂದ, ಕೈ ಸೋತು ಕೆಳಗಿಳಿದರೆ ಮೊನೆ ಪಕ್ಕೆಗೇ ಚುಚ್ಚುತ್ತದೆ. ಎರಡು ಬಕೆಟ್, ಎರಡು ಚೂರಿ, ಒಬ್ಬ ಮನುಷ್ಯ: ಖರ್ಚು ಇಷ್ಟೇ, ಆದರೆ ನೋಡುವವರ ಭುಜ ನೋಯತೊಡಗುತ್ತದೆ.

ಹೊಡೆದಾಟ ನೋಡುವಾಗ ಗಮನಿಸಬೇಕಾದದ್ದು ಕತ್ತರಿ. ತಲೆಯಿಂದ ಪಾದದವರೆಗೆ ಇಬ್ಬರೂ ಪೂರ್ತಿ ಕಾಣುತ್ತಾ, ನಾಲ್ಕಾರು ಏಟುಗಳು ಒಂದೇ ಶಾಟಿನಲ್ಲಿ ಬಂದರೆ ಅವರಿಗೆ ವಿದ್ಯೆ ಗೊತ್ತಿದೆ ಎಂದು ತಿಳಿಯಬಹುದು; ಮುಷ್ಟಿ ಒಂದು ಶಾಟಿನಲ್ಲಿ, ಬೀಳುವ ಮುಖ ಇನ್ನೊಂದರಲ್ಲಿ ಬಂದರೆ ಸಂಕಲನಕಾರ ಹೊಡೆದಾಡುತ್ತಿದ್ದಾನೆ ಎಂದರ್ಥ. ಕೈಕಾಲು ಅಸಹಜ ವೇಗದಲ್ಲಿ ಓಡಿದರೆ ಅದು ಕ್ಯಾಮೆರಾದ ಕೆಲಸ. ಸೆಕೆಂಡಿಗೆ 24 ಫ್ರೇಮುಗಳ ಬದಲು 20ರಂತೆ ಚಿತ್ರೀಕರಿಸಿ ಎಂದಿನ ವೇಗದಲ್ಲಿ ಓಡಿಸಿದರೆ ಎಲ್ಲರೂ ಚುರುಕಾಗಿಬಿಡುತ್ತಾರೆ. ಮಾತು, ಏಟಿನ ಸದ್ದು, ಗಾಳಿ ಸೀಳುವ ‘ಸುಯ್’ ಎಂಬ ಶಬ್ದ ಎಲ್ಲವನ್ನೂ ಆಮೇಲೆ ಸೇರಿಸುತ್ತಿದ್ದರು, ಹಾಗಾಗಿ ತುಟಿಗೂ ಮಾತಿಗೂ ಹೊಂದಿಕೆಯಾಗದಿದ್ದರೆ ಬೇಸರಪಡಬಾರದು. ಇನ್ನೊಂದು ಮಾತು: ಈ ಚಿತ್ರಗಳು ಅಗಲ ಪರದೆಗೆಂದು ತಯಾರಾದವು. ಟಿವಿಯ ಅಳತೆಗೆ ಎರಡೂ ಬದಿ ಕತ್ತರಿಸಿದ ಹಳೆಯ ಪ್ರತಿಯಲ್ಲಿ ಹೊಡೆಯುವವನು ಕಾಣುತ್ತಾನೆ, ಹೊಡೆಸಿಕೊಳ್ಳುವವನು ಚೌಕಟ್ಟಿನ ಹೊರಗಿರುತ್ತಾನೆ. ಅಂಥ ಪ್ರತಿಯನ್ನು ಪುಕ್ಕಟೆ ಕೊಟ್ಟರೂ ಬೇಡ.

ಇಷ್ಟಾದ ಮೇಲೆ ಬ್ರೂಸ್ ಲೀಯ ನಕಲುಗಳಿಗೆ ಇಳಿಯಬಹುದು. 1973ರ ಜುಲೈ 20ರಂದು ಲೀ ತೀರಿಕೊಂಡಾಗ ಜಗತ್ತಿನ ಬೇಡಿಕೆ ಹಾಗೇ ಉಳಿದಿತ್ತು, ಪೂರೈಸುವವನಿರಲಿಲ್ಲ. ಆಗ ಹುಟ್ಟಿಕೊಂಡವರು ಬ್ರೂಸ್ ಲೈ, ಬ್ರೂಸ್ ಲೆ, ಡ್ರ್ಯಾಗನ್ ಲೀ. ಅವರನ್ನು ಬಿಡಿ, ಲೀ ಅರ್ಧಕ್ಕೇ ಬಿಟ್ಟುಹೋದ ‘ಗೇಮ್ ಆಫ್ ಡೆತ್’ ಚಿತ್ರವನ್ನು 1978ರಲ್ಲಿ ಬದಲಿ ನಟರನ್ನಿಟ್ಟು ಪೂರ್ಣಗೊಳಿಸಿದಾಗ, ಒಂದು ದೃಶ್ಯದಲ್ಲಿ ಕನ್ನಡಿಯಲ್ಲಿ ಕಾಣುವ ಬದಲಿ ನಟನ ಮುಖದ ಜಾಗಕ್ಕೆ ಲೀಯ ಮುಖದ ಚಿತ್ರವನ್ನು ಅಂಟಿಸಿದ್ದಾರೆ. ಆ ಶಾಟು ಬಂದಾಗ ಚಿತ್ರವನ್ನು ನಿಲ್ಲಿಸಿ ನೋಡಿರಿ. ನಗು ಬರುತ್ತದೆ, ಅದೇ ಚಿತ್ರ ಲೀಯ ನಿಜವಾದ ಶವಯಾತ್ರೆಯ ತುಣುಕನ್ನೂ ಬಳಸಿಕೊಂಡಿದೆ ಎಂದು ತಿಳಿದಾಗ ಆ ನಗು ಗಂಟಲಲ್ಲೇ ಉಳಿಯುತ್ತದೆ.

ನಿಂಜಾ, ಅಂದರೆ ಮುಸುಕುಧಾರಿ ಜಪಾನಿ ಗೂಢಯೋಧರ ಚಿತ್ರಗಳಲ್ಲಿ ಹಾಂಗ್‌ಕಾಂಗ್‌ನ ನಿರ್ದೇಶಕ ಗಾಡ್‌ಫ್ರಿ ಹೋ ಅವರದು ಬೇರೆಯೇ ಲೆಕ್ಕ. ಬೇರೆ ದೇಶದ ಹಳೆಯ ಚಿತ್ರವೊಂದನ್ನು ಕೊಂಡು, ಬಣ್ಣಬಣ್ಣದ ನಿಂಜಾ ಉಡುಪು ತೊಟ್ಟ ಬಿಳಿಯ ನಟರ ಕೆಲವು ದೃಶ್ಯಗಳನ್ನು ಹೊಸದಾಗಿ ತೆಗೆದು, ಎರಡನ್ನೂ ಸೇರಿಸಿ ಹೊಸ ಕಥೆಯೆಂದು ಮಾರುವುದು. ಎರಡು ಚಿತ್ರಗಳ ಪಾತ್ರಗಳು ಪರಸ್ಪರ ಭೇಟಿಯಾಗುವಂತಿಲ್ಲವಲ್ಲ, ಅದಕ್ಕೇ ಎಲ್ಲರೂ ಫೋನಿನಲ್ಲಿ ಮಾತಾಡುತ್ತಾರೆ. ‘ನಿಂಜಾ ಟರ್ಮಿನೇಟರ್’ ಚಿತ್ರದಲ್ಲಿ ರಿಚರ್ಡ್ ಹ್ಯಾರಿಸನ್ ಎಂಬ ಗಂಭೀರ ಮುಖದ ನಟ, ಗಾರ್‌ಫೀಲ್ಡ್ ಎಂಬ ಕಾರ್ಟೂನ್ ಬೆಕ್ಕಿನ ಆಕಾರದ ಫೋನನ್ನು ಕಿವಿಗಿಟ್ಟುಕೊಂಡು ಜೀವಮರಣದ ವಿಷಯ ಮಾತಾಡುತ್ತಾನೆ. ಯಾರು ಯಾರೊಂದಿಗೆ ಒಂದೇ ಚೌಕಟ್ಟಿನಲ್ಲಿ ಬರುವುದಿಲ್ಲ ಎಂಬುದನ್ನು ಪತ್ತೆಹಚ್ಚುವುದು ಇಲ್ಲಿನ ಆಟ.

ದೆವ್ವದ ಸಾಲಿನಲ್ಲಿ ಮೊದಲ ಪಾಠ ಜಾರ್ಜ್ ರೊಮೆರೊ ಅವರ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಸುಮಾರು 1,14,000 ಡಾಲರಿನಲ್ಲಿ, ಬಹುಪಾಲು ಒಂದೇ ತೋಟದ ಮನೆಯಲ್ಲಿ ಮುಗಿಸಿದ ಕಪ್ಪು-ಬಿಳುಪು ಚಿತ್ರ; ರಕ್ತವೆಂದು ಸುರಿದದ್ದು ಚಾಕೊಲೇಟ್ ಸಿರಪ್, ಕಪ್ಪು-ಬಿಳುಪಿನಲ್ಲಿ ಅದು ಯಾರಿಗೂ ತಿಳಿಯಲಿಲ್ಲ. ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋದದ್ದರಿಂದ ಅಮೆರಿಕದಲ್ಲಿ ಅದು ಸಾರ್ವಜನಿಕ ಸ್ವತ್ತಾಯಿತು. ಹಾಗಾಗಿ ಎಲ್ಲೆಡೆ ಸಿಗುತ್ತದೆ, ಆದರೆ ಮಸುಕಾದ ಪ್ರತಿಗಳೇ ಹೆಚ್ಚು. ಮರುಸಂಸ್ಕರಿಸಿದ್ದನ್ನೇ ಹುಡುಕಿ ನೋಡಬೇಕು.

ಅನಂತರ ನಮ್ಮ ರಾಮ್ಸೆಗಳು. ತಂದೆ ಎಫ್. ಯು. ರಾಮ್ಸೆ, ಏಳು ಜನ ಗಂಡುಮಕ್ಕಳು: ಕುಮಾರ್ ಬರೆಯುವುದು, ತುಳಸಿ ಮತ್ತು ಶ್ಯಾಮ್ ನಿರ್ದೇಶಿಸುವುದು, ಗಂಗು ಕ್ಯಾಮೆರಾ, ಕಿರಣ್ ಧ್ವನಿ, ಅರ್ಜುನ್ ಸಂಕಲನ, ಹೀಗೆ ಮನೆಯೇ ಒಂದು ಕಂಪನಿ. 1972ರ ‘ದೋ ಗಜ್ ಜಮೀನ್ ಕೆ ನೀಚೆ’ಯಿಂದ ಹಿಡಿದು ನೋಡುವ ಅಗತ್ಯವಿಲ್ಲ, 1984ರ ‘ಪುರಾನಾ ಮಂದಿರ್’ ಸಾಕು. ಅದರಲ್ಲಿ ದೆವ್ವವಾದ ಅನಿರುದ್ಧ್ ಅಗರ್‌ವಾಲ್ ಅವರ ಎತ್ತರ ಮತ್ತು ಮುಖ ಇವೆರಡೇ ಅರ್ಧ ಮೇಕಪ್ಪಿನ ಕೆಲಸ ಮಾಡಿವೆ. ಕೆಂಪು, ಹಸಿರು ದೀಪ ಮತ್ತು ಹೊಗೆಯನ್ನು ಎಲ್ಲಿ ಹಾಕಿದ್ದಾರೆ ಎಂದು ಗಮನಿಸಿರಿ: ಸೆಟ್ಟಿನ ಬಡತನ ಕಾಣುವ ಕಡೆಯೇ ಹೊಗೆ ದಟ್ಟವಾಗಿರುತ್ತದೆ. ನಡುವೆ ಜಗದೀಪ್ ಅವರ ‘ಶೋಲೆ’ ಅಣಕದ ಹಾಸ್ಯಭಾಗ ಬಂದಾಗ ಚಹಾಕ್ಕೆ ಏಳಬಹುದು, ಕಥೆಗೆ ಏನೂ ನಷ್ಟವಿಲ್ಲ.

ಎಲ್ಲವನ್ನೂ ಸಹಿಸಬೇಕೆಂದು ಮಾತ್ರ ನಾನು ಹೇಳುವುದಿಲ್ಲ. ಹೆಣ್ಣಿನ ಮೇಲಿನ ದೌರ್ಜನ್ಯವನ್ನು ನೋಟದ ಸರಕಾಗಿ ಮಾಡಿದ ದೃಶ್ಯಗಳು ಈ ಬಗೆಯ ಚಿತ್ರಗಳಲ್ಲಿ ಧಾರಾಳವಾಗಿವೆ. ಅವನ್ನು ಹಳೆಯ ಕಾಲವೆಂದು ಮಾಫಿ ಮಾಡದೆ ಮುಂದೋಡಿಸಬಹುದು. 1980ರ ಆಸುಪಾಸಿನ ಇಟಲಿಯ ನರಭಕ್ಷಕ ಚಿತ್ರಗಳಲ್ಲಿ ಪ್ರಾಣಿಗಳನ್ನು ನಿಜವಾಗಿಯೇ ಕೊಂದಿದ್ದಾರೆ, ಅವನ್ನು ಪಟ್ಟಿಗೇ ಸೇರಿಸಬೇಡಿ. ಬೇಕೆಂದೇ ಕೆಟ್ಟದಾಗಿ ಮಾಡಿದ ಈಚಿನ ಚಿತ್ರಗಳನ್ನೂ ನಾನು ಬಿಡುತ್ತೇನೆ. ಅಲ್ಲಿ ಯಾರೂ ಚೆನ್ನಾಗಿ ಮಾಡಲು ಒದ್ದಾಡಿರುವುದಿಲ್ಲ, ಆದ್ದರಿಂದ ನೋಡುವುದಕ್ಕೂ ಏನೂ ಉಳಿದಿರುವುದಿಲ್ಲ.

ಒಂದು ರಾತ್ರಿಗೆ ಎರಡು ಚಿತ್ರ ಇಟ್ಟುಕೊಂಡರೆ ದೆವ್ವ ಮೊದಲು, ಕುಂಗ್‌ಫೂ ಆಮೇಲೆ. ರಾಮ್ಸೆ ಚಿತ್ರ ಎರಡು ಗಂಟೆ ದಾಟುತ್ತದೆ, ಹನ್ನೆರಡರ ಮೇಲೆ ಅದನ್ನು ಹಚ್ಚಿದರೆ ದೆವ್ವ ಏಳುವ ಹೊತ್ತಿಗೆ ನೋಡುವವರು ಮಲಗಿರುತ್ತಾರೆ. ಹೊಡೆದಾಟವಾದರೆ ಎಂಥ ನಿದ್ದೆಗಣ್ಣಿನವರನ್ನೂ ಎಬ್ಬಿಸಿ ಕೂರಿಸುತ್ತದೆ. ಪಕ್ಕದ ಮನೆಯವರನ್ನೂ ಎಬ್ಬಿಸದಂತೆ ಧ್ವನಿಯನ್ನು ತಗ್ಗಿಸಿಕೊಳ್ಳಿ.